ಒಂದೇ ಗೊರಟು, ನಾಲ್ಕು ಸಸಿ

(ರಾಣೆಬೆನ್ನೂರು ಕಡೆಯ ಒಂದು ಊರಿನಲ್ಲಿ, ಬೀಜೋತ್ಪಾದನೆ ಮಾಡುವ ರೈತರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಕರೆಂಟ್ ಹೋಗಿ ಪ್ರೊಜೆಕ್ಟರ್ ಕೈಕೊಟ್ಟಿತ್ತು, ಚಿತ್ರವಿಲ್ಲದೆ ಬರೀ ಬಾಯಲ್ಲೇ ಹೇಳಿದ್ದು. ಹಾಗಾಗಿ ಇಲ್ಲೂ ಚಿತ್ರಗಳಿಲ್ಲ.)

ಈ ಕಪ್ಪು ಚೀಲ ನೋಡಿ. ನರ್ಸರಿಯಲ್ಲಿ ಸಿಗುವ ಮಾಮೂಲಿ ಚೀಲ. ಇದರಲ್ಲಿ ನಾನು ಊರಿದ್ದು ಒಂದೇ ಒಂದು ಮಾವಿನ ಗೊರಟು. ನೀವು ವಾಟೆ ಅಂತೀರಿ. ಈಗ ಸಸಿ ಎಣಿಸಿ. ಒಂದು, ಎರಡು, ಮೂರು, ಆ ಮೂಲೆಯಲ್ಲಿ ಸಣಕಲು ಇನ್ನೊಂದು. ಒಟ್ಟು ನಾಲ್ಕು. ಕದ್ದು ಮುಚ್ಚಿ ಬೇರೆ ಗೊರಟು ಹಾಕಿಲ್ಲ, ಬೇಕಾದರೆ ಮಣ್ಣು ಕೆದಕಿ ನೋಡಬಹುದು.

ಇದು ಬಪ್ಪಕಾಯಿ ಅನ್ನುವ ಕರಾವಳಿ ಮಾವು. ಓಲೂರು ಅಂತ ಇನ್ನೊಂದು ಜಾತಿ ಇದೆ, ಅದೂ ಹೀಗೆಯೇ. ನಿಮ್ಮ ಕಡೆಯ ಆಪೂಸಿನ ವಾಟೆ ಊರಿದರೆ ಒಂದೇ ಸಸಿ ಬರುತ್ತದೆ. ಆ ಸಸಿ ದೊಡ್ಡದಾಗಿ ಕಾಯಿ ಬಿಟ್ಟಾಗ ಅದು ಆಪೂಸೇ ಆಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ಹುಳಿ ಇರಬಹುದು, ನಾರು ಇರಬಹುದು. ಅದಕ್ಕೇ ಅಲ್ವಾ ನಾವು ಕಸಿ ಕಟ್ಟೋದು. ಆದರೆ ಈ ಚೀಲದ ನಾಲ್ಕು ಸಸಿಗಳಲ್ಲಿ ಹೆಚ್ಚಿನವು ತಾಯಿ ಮರದ ಪಡಿಯಚ್ಚು. ಅಪ್ಪನ ಪಾಲು ಅವುಗಳಲ್ಲಿ ಒಂದು ಚೂರೂ ಇಲ್ಲ. ಗೊರಟಿನೊಳಗೆ ಭ್ರೂಣದ ಸುತ್ತ ತಾಯಿಯದೇ ಆದ ಮೆತ್ತನೆಯ ಅಂಗಾಂಶ ಇರುತ್ತದೆ. ಈ ಜಾತಿಯ ಮಾವಿನಲ್ಲಿ ಆ ಅಂಗಾಂಶವೇ ಮೊಳೆತು ಭ್ರೂಣಗಳಾಗಿ ಬಿಡುತ್ತದೆ. ಪರಾಗದಿಂದ ಹುಟ್ಟಿದ ನಿಜವಾದ ಮಗು ಇವುಗಳ ನಡುವೆ ಎಲ್ಲೋ ಒಂದಿರುತ್ತದೆ. ಎಷ್ಟೋ ಸಲ ಅದು ನೆಟ್ಟಗೆ ಬದುಕುವುದೂ ಇಲ್ಲ.

ಕಸಿ ಕಟ್ಟದೆಯೇ ಬೀಜದ ಮೂಲಕ ತದ್ರೂಪು. ಇದನ್ನು ಅಪೊಮಿಕ್ಸಿಸ್ ಅನ್ನುತ್ತಾರೆ. ಇವತ್ತು ಈ ಪದ ಒಂದನ್ನು ನೆನಪಿಟ್ಟುಕೊಂಡರೆ ಸಾಕು. ಮಾವಿಗೆ, ನಿಂಬೆ ಕಿತ್ತಳೆಗಳಿಗೆ, ನೇರಳೆಗೆ ಗೊತ್ತಿರುವ ಈ ವಿದ್ಯೆ ಭತ್ತಕ್ಕೆ ಗೊತ್ತಿಲ್ಲ. ಜೋಳಕ್ಕೆ, ಟೊಮೆಟೊಗೆ ಗೊತ್ತಿಲ್ಲ. ಅದನ್ನು ಭತ್ತಕ್ಕೆ ಕಲಿಸಿದ ಕತೆ ಹೇಳೋಣ ಅಂತ ಬಂದೆ.

ಮೊದಲು, ಕಲಿಸುವುದು ಯಾಕೆ ಅನ್ನುವುದು. ಇದನ್ನು ನಿಮಗೆ ವಿವರಿಸುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಈ ಸೀಮೆಯಲ್ಲಿ ಹೈಬ್ರಿಡ್ ಬೀಜ ತೆಗೆಯುವ ಕ್ರಾಸಿಂಗ್ ಗೊತ್ತಿಲ್ಲದ ಮನೆ ಇಲ್ಲ. ಆದರೂ ಹೊರಗಿನ ಓದುಗರಿಗಾಗಿ ಬರೆದಿಡುತ್ತೇನೆ. ಹತ್ತಿಯ ಹೊಲದಲ್ಲಿ ಸಂಜೆ ಹೊತ್ತು, ನಾಳೆ ಅರಳಲಿರುವ ಮೊಗ್ಗನ್ನು ಹುಡುಕಬೇಕು. ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡದ ಸುತ್ತ ಒತ್ತಿ, ದಳವನ್ನೂ ಕೇಸರದ ಕೊಳವೆಯನ್ನೂ ಒಟ್ಟಿಗೆ ತಿರುಚಿ ಎಳೆಯಬೇಕು. ಒಳಗಿನ ಕಾಯಿಗೆ ಉಗುರು ತಾಗಬಾರದು, ಪರಾಗ ಹಿಡಿಯುವ ಕಡ್ಡಿ ಮುರಿಯಬಾರದು. ಗುರುತಿಗೆ ಕೆಂಪು ಕಾಗದ ಸಿಕ್ಕಿಸಬೇಕು. ಮಾರನೆಯ ದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು ಆ ಕಡ್ಡಿಯ ತುದಿಗೆ ಸವರಬೇಕು. ಇಷ್ಟು ಮಾಡಿದರೆ ಒಂದು ಕಾಯಿ. ಒಂದು ಕಾಯಿಯಷ್ಟೇ ಬೀಜ. ಇಂಥದ್ದು ದಿನಕ್ಕೆ ನೂರಾರು, ಬಿಸಿಲಲ್ಲಿ ನಿಂತು, ಹೆಚ್ಚಾಗಿ ಹೆಣ್ಣುಮಕ್ಕಳ ಕೈಯಿಂದ.

ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ಹೊರತಂದರು. ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿದ ಹೈಬ್ರಿಡ್ ಅದು. ಅಂಥ ತಳಿಗಳು ನಡೆದದ್ದೇ ಈ ಉಗುರಿನ ಕೆಲಸದ ಮೇಲೆ. ಭತ್ತದಲ್ಲಿ ಅದೂ ಸಾಧ್ಯವಿಲ್ಲ. ಭತ್ತದ ಹೂ ಎಷ್ಟು ಚಿಕ್ಕದು! ಒಂದು ಹೂವಿಗೆ ಒಂದೇ ಕಾಳು. ಹಾಗಾಗಿ ಪರಾಗ ಹುಟ್ಟದ ಬಂಜೆ ಗಂಡಿನ ಸಾಲನ್ನು ಹೆಣ್ಣಾಗಿ ಇಟ್ಟುಕೊಂಡು, ಪಕ್ಕದಲ್ಲಿ ಗಂಡು ಸಾಲು ಬೆಳೆಸಿ, ಹೂ ಬಿಡುವ ಹೊತ್ತಿಗೆ ಇಬ್ಬರು ಎರಡು ಕಡೆ ನಿಂತು ಗದ್ದೆಯ ಮೇಲೆ ಹಗ್ಗ ಎಳೆಯುತ್ತಾರೆ. ಪರಾಗ ಹಾರಿ ಆ ಕಡೆ ಬೀಳಲಿ ಅಂತ. ತೆಲಂಗಾಣದ ಕರೀಂನಗರದ ಕಡೆ ಹೋದರೆ ಇದನ್ನು ಕಣ್ಣಾರೆ ನೋಡಬಹುದು. ನಮ್ಮ ಮಂಡ್ಯದ ವಿ.ಸಿ. ಫಾರಂನ ಕೆಆರ್‌ಎಚ್-2 ಭತ್ತದ ಬೀಜವೂ ಇದೇ ಬಗೆಯದ್ದು.

ಇಷ್ಟೆಲ್ಲ ಕಷ್ಟಪಟ್ಟು ತೆಗೆದ ಬೀಜ ಒಂದೇ ಬೆಳೆಗೆ. ಹೈಬ್ರಿಡ್ ಬೆಳೆಯ ಕಾಳನ್ನೇ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದು ಬೇಗ ತೆನೆ ಬಿಟ್ಟರೆ ಇನ್ನೊಂದು ಹಸಿರಾಗಿಯೇ ನಿಂತಿರುತ್ತದೆ. ಕಂಪನಿಯವರು ಏನೋ ಮದ್ದು ಹಾಕಿ ಹೀಗೆ ಮಾಡುತ್ತಾರೆ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಇದು ಗಿಡದ ಸ್ವಭಾವ. ಬೀಜ ಇಟ್ಟುಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ನಮಗೆ ಕೊಟ್ಟಿದೆ. ಆದರೆ ಹೈಬ್ರಿಡ್ ವಿಷಯದಲ್ಲಿ ಆ ಹಕ್ಕು ಕಾಗದದ ಮೇಲಷ್ಟೇ. ಕಾನೂನು ಬೇಡ ಅನ್ನುವುದಿಲ್ಲ, ಗಿಡ ಒಪ್ಪುವುದಿಲ್ಲ.

ಗಿಡ ಯಾಕೆ ಒಪ್ಪುವುದಿಲ್ಲ? ಭತ್ತದ ಪ್ರತಿ ಕೋಶದಲ್ಲೂ 24 ಕ್ರೋಮೋಸೋಮ್, ಅಂದರೆ ಜೀನ್ ಹೊತ್ತ ಎಳೆಗಳು, ಇರುತ್ತವೆ. 12 ಅಮ್ಮನಿಂದ, 12 ಅಪ್ಪನಿಂದ. ಗಿಡ ತಾನು ಅಂಡವನ್ನೋ ಪರಾಗವನ್ನೋ ಮಾಡುವಾಗ ಇವನ್ನು ಅರ್ಧಕ್ಕೆ ಇಳಿಸಬೇಕು. ಆ ಹೊತ್ತಿನಲ್ಲಿ ಇಸ್ಪೀಟ್ ಎಲೆ ಕಲಸಿದ ಹಾಗೆ ಅಪ್ಪನ ಎಲೆ ಅಮ್ಮನ ಎಲೆ ಕಲಸಿ ಹಂಚುತ್ತದೆ. ಇದಕ್ಕೆ ಮಿಯಾಸಿಸ್ ಅಂತ ಹೆಸರು. ಪ್ರತಿ ಕಾಳಿಗೂ ಬೇರೆ ಬೇರೆ ಹಂಚಿಕೆ. ಹೈಬ್ರಿಡ್ ಅಂದರೆ ಕೈಗೆ ಬಂದ ಒಂದು ಅದ್ಭುತ ಆಟ. ಮುಂದಿನ ಸುತ್ತಿಗೆ ಎಲೆ ಕಲಸಿದ ಮೇಲೆ ಅದೇ ಆಟ ಮತ್ತೆ ಕೈಗೆ ಬರುತ್ತದಾ?

ತದ್ರೂಪು ಬೀಜ ಬೇಕಾದರೆ ಎರಡು ಕೆಲಸ ಆಗಬೇಕು. ಒಂದು, ಎಲೆ ಕಲಸುವುದನ್ನು ನಿಲ್ಲಿಸಬೇಕು. ಎರಡು, ಹಾಗೆ ಕಲಸದೆ ಉಳಿದ ಅಂಡ, ಪರಾಗಕ್ಕೆ ಕಾಯದೆ ತಾನೇ ಭ್ರೂಣ ಆಗಬೇಕು. ಹೇಳುವುದು ಸುಲಭ.

ಇಲ್ಲಿ ಮೆಂಡೆಲ್ ಬರುತ್ತಾನೆ. ಬಟಾಣಿ ಪಾದ್ರಿ, ಶಾಲೆಯಲ್ಲಿ ಓದಿದ್ದೀರಿ. ಬಟಾಣಿಯ ಲೆಕ್ಕವನ್ನು 1866ರಲ್ಲಿ ಅಚ್ಚು ಮಾಡಿಸಿದ. ಆಮೇಲೆ ಏನಾಯಿತು ಅನ್ನುವುದನ್ನು ಶಾಲೆಯಲ್ಲಿ ಹೇಳುವುದಿಲ್ಲ. ಅವನು ಹಾಕ್‌ವೀಡ್ ಅನ್ನುವ ಹಳದಿ ಹೂವಿನ ಕಳೆಗಿಡ ಹಿಡಿದು ಕೂತ. ನಮ್ಮ ಸೇವಂತಿಯ ಕುಟುಂಬದ ಗಿಡ. ಒಂದೊಂದು ಹೂವಿನೊಳಗೂ ಹತ್ತಾರು ಚಿಕ್ಕ ಹೂಗಳು. ಭೂತಗನ್ನಡಿ ಹಿಡಿದು, ಕನ್ನಡಿಯಿಂದ ಬೆಳಕು ಬಿಟ್ಟುಕೊಂಡು ಕ್ರಾಸಿಂಗ್ ಮಾಡಿ ಮಾಡಿ 1869ರಲ್ಲಿ ಕಣ್ಣನ್ನೇ ಕೆಡಿಸಿಕೊಂಡ. ಫಲ ಏನು ಬಂತು? ಸಿಕ್ಕ ಹೈಬ್ರಿಡ್‌ಗಳ ಮಕ್ಕಳೆಲ್ಲ ತಾಯಿಯ ಹಾಗೆಯೇ. ಬಟಾಣಿಯಲ್ಲಿ ಕಂಡ 3:1 ಇಲ್ಲ, ಏನೂ ಇಲ್ಲ. ಪಾಪ, ತನ್ನ ನಿಯಮವೇ ಇಲ್ಲಿ ನಡೆಯುತ್ತಿಲ್ಲ ಅನ್ನಿಸಿರಬೇಕು. ಅವನು ಹಿಡಿದಿದ್ದ ಗಿಡ ಅಪೊಮಿಕ್ಸಿಸ್ ಮಾಡುತ್ತಿತ್ತು ಅನ್ನುವುದು ಗೊತ್ತಾದದ್ದು ಅವನು ಸತ್ತ ಮೇಲೆ, 20ನೇ ಶತಮಾನದ ಆರಂಭದಲ್ಲಿ.

ಇನ್ನು ನಮ್ಮ ಕಾಲಕ್ಕೆ ಬರೋಣ. ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಇಮ್ರಾನ್ ಸಿದ್ದಿಕಿ ಅವರ ಪ್ರಯೋಗಾಲಯ. ಅಲ್ಲಿ ಅರಬಿಡಾಪ್ಸಿಸ್ ಅನ್ನುವ, ಸಾಸಿವೆಗೆ ದೂರದ ನೆಂಟನಾದ ಗೇಣುದ್ದದ ಗಿಡದ ಮೇಲೆ ಕೆಲಸ. ಅದರಲ್ಲಿ ಒಂದು ಕೆಟ್ಟ ಗಿಡ ಸಿಕ್ಕಿತು. ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಮಿಯಾಸಿಸ್‌ನಲ್ಲಿ ನಾಲ್ಕು ಕೋಶ ಆಗಬೇಕಾದ ಕಡೆ ಎರಡೇ ಆಗಿ ನಿಲ್ಲುತ್ತಿತ್ತು, ಅದಕ್ಕೇ ಡಯಾಡ್ ಅಂತ ಹೆಸರಿಟ್ಟು 2000ದಲ್ಲಿ ಪ್ರಕಟಿಸಿದರು. ನಾವಾಗಿದ್ದರೆ ಕಿತ್ತು ತಿಪ್ಪೆಗೆ ಎಸೆಯುತ್ತಿದ್ದೆವು. ಅವರು ಅದನ್ನು ವರ್ಷಗಟ್ಟಲೆ ಬೆಳೆಸಿದರು. ಸಾಮಾನ್ಯ ಗಿಡ ಸಾವಿರಾರು ಬೀಜ ಕೊಡುವ ಕಡೆ ಇದು ಕೊಡುತ್ತಿದ್ದದ್ದು ಬೆರಳಲ್ಲಿ ಎಣಿಸುವಷ್ಟು. ಆ ನಾಲ್ಕಾರು ಬೀಜಗಳನ್ನೇ ಬಿತ್ತಿ, ಅವುಗಳ ಕ್ರೋಮೋಸೋಮ್ ಎಣಿಸಿದರು. ಲೆಕ್ಕ ಜಾಸ್ತಿ ಬಂತು! ಅಮ್ಮ ತನ್ನ ಗಂಟನ್ನು ಅರ್ಧ ಮಾಡದೆ ಪೂರ್ತಿ ಕೊಟ್ಟುಬಿಟ್ಟಿದ್ದಳು. ಒಂದೇ ಜೀನ್ ಕೆಟ್ಟರೆ ಸಾಕು, ಮಿಯಾಸಿಸ್ ತಪ್ಪಿಸಿಕೊಂಡ ಅಂಡ ಹುಟ್ಟಬಹುದು ಅನ್ನುವುದು 2008ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಸಿದ್ದಿಕಿ ಅವರಿಗೆ 2011ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂದದ್ದು ಈ ಸಾಲಿನ ಕೆಲಸಕ್ಕೆ.

ಇದೇ ಹೊತ್ತಿಗೆ ಫ್ರಾನ್ಸಿನಲ್ಲಿ ರಫಾಯೆಲ್ ಮರ್ಸಿಯೆ ಅವರ ತಂಡ ಬೇರೆ ದಾರಿ ಹಿಡಿದಿತ್ತು. ಮಿಯಾಸಿಸ್ ಅನ್ನುವುದು ಮಾಮೂಲಿ ಕೋಶ ವಿಭಜನೆಗಿಂತ ಮೂರೇ ವಿಷಯದಲ್ಲಿ ಬೇರೆ. ಕ್ರೋಮೋಸೋಮ್‌ಗಳು ತುಂಡು ಬದಲಾಯಿಸಿಕೊಳ್ಳುತ್ತವೆ, ಜೋಡಿಗಳು ಬೇರೆ ರೀತಿ ಬಿಡಿಸಿಕೊಳ್ಳುತ್ತವೆ, ಒಂದರ ಹಿಂದೆ ಇನ್ನೊಂದು ಎರಡು ಸಲ ವಿಭಜನೆ ಆಗುತ್ತದೆ. ಮೂರಕ್ಕೂ ಒಂದೊಂದು ಜೀನ್ ಹುಡುಕಿ ಮೂರನ್ನೂ ಒಂದೇ ಗಿಡದಲ್ಲಿ ಕೆಡಿಸಿದರು. ಆಗ ಮಿಯಾಸಿಸ್ ತಾನು ಮಿಯಾಸಿಸ್ ಅನ್ನುವುದನ್ನೇ ಮರೆತು ಮಾಮೂಲಿ ವಿಭಜನೆ ಆಗಿಬಿಟ್ಟಿತು. 2009ರ ಈ ಗಿಡಕ್ಕೆ ಅವರಿಟ್ಟ ಹೆಸರು ಮೈಮ್. ಮೂಕಾಭಿನಯ ಅಂತಲೂ ಆಗುತ್ತದೆ. ಮಿಯಾಸಿಸ್‌ನ ವೇಷ ಹಾಕಿ ಇನ್ನೇನೋ ಮಾಡುವ ಗಿಡಕ್ಕೆ ಒಪ್ಪುವ ಹೆಸರೇ. ಇದರಲ್ಲಿ ನನಗೆ ಬಹಳ ಇಷ್ಟವಾಗುವುದು ಇದು: ಮೊದಲ ಎರಡರಲ್ಲಿ ಒಂದನ್ನೋ, ಆ ಎರಡನ್ನು ಮಾತ್ರವೋ ಕೆಡಿಸಿದರೆ ಗಿಡದ ಸಂತಾನ ಹಾಳು. ಮೂರನ್ನೂ ಕೆಡಿಸಿದರೆ ಗಿಡ ಮತ್ತೆ ಬೀಜ ಕಟ್ಟುತ್ತದೆ.

ಮೊದಲ ಕೆಲಸ ಹೀಗೆ ಆಯಿತು. ಎರಡನೆಯದು ಉಳಿಯಿತು. ಹೈದರಾಬಾದಿನ ಪ್ರಯೋಗಾಲಯದಿಂದ ಮರುತಾಚಲಂ ರವಿ ಅನ್ನುವ ಯುವಕ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇರುವ ಡೇವಿಸ್‌ಗೆ, ಸೈಮನ್ ಚಾನ್ ಅವರ ಬಳಿಗೆ ಹೋದರು. ಕ್ರೋಮೋಸೋಮ್ ಎಳೆಯಲು ಕೊಕ್ಕೆ ಹಾಕುವ ಜಾಗ ಒಂದಿರುತ್ತದಲ್ಲ, ಅಲ್ಲಿನ ಒಂದು ಪ್ರೋಟೀನ್ ಬದಲಿಸಿದರೆ ಆ ಗಿಡದ ಕಡೆಯ ಕ್ರೋಮೋಸೋಮ್‌ಗಳು ಭ್ರೂಣದಿಂದ ಜಾರಿ ಹೋಗುತ್ತವೆ ಅಂತ 2010ರಲ್ಲಿ ತೋರಿಸಿದರು. ಮರುವರ್ಷ ಹೈದರಾಬಾದು, ಫ್ರಾನ್ಸು, ಡೇವಿಸ್ ಮೂರೂ ಕೂಡಿ, ಇದನ್ನೂ ಮಿಯಾಸಿಸ್ ಮರೆತ ಗಿಡಗಳನ್ನೂ ಬೆರೆಸಿ ಬೀಜದ ಮೂಲಕ ತದ್ರೂಪು ತೆಗೆದರು. ಆದರೆ ಅದಕ್ಕೆ ಇನ್ನೊಂದು ಗಿಡದ ಜೊತೆ ಕ್ರಾಸ್ ಮಾಡಲೇಬೇಕಿತ್ತು. ಅಂದರೆ ಮತ್ತೆ ಉಗುರು, ಮತ್ತೆ ಚಿಮುಟ. ಸೈಮನ್ ಚಾನ್ 2012ರಲ್ಲಿ ತೀರಿಕೊಂಡರು. 38 ವರ್ಷ. ರವಿ ಆಮೇಲೆ ನಮ್ಮ ದೇಶಕ್ಕೇ ಬಂದರು, ತಿರುವನಂತಪುರದ ವಿಜ್ಞಾನ ಶಿಕ್ಷಣ ಸಂಸ್ಥೆ ಐಸರ್‌ಗೆ.

ಈಗ ಭತ್ತ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಇಡೀ ಕತೆಯ ಹೂರಣ ಇಲ್ಲಿದೆ.

ಅಂಡ ಯಾಕೆ ಸುಮ್ನೆ ಕೂತಿರುತ್ತದೆ? ಅದರಲ್ಲಿ ಆಹಾರ ಇದೆ, ಜೀನ್‌ಗಳಿವೆ. ಪರಾಗ ಬಂದು ತಾಗಿದ ಕೂಡಲೇ ಭ್ರೂಣ ಆಗಲು ಶುರು. ಹಾಗಾದರೆ ಪರಾಗ ಏನು ತರುತ್ತದೆ? ಡೇವಿಸ್‌ನಲ್ಲಿ ವೆಂಕಟೇಶನ್ ಸುಂದರೇಶನ್ ಅವರ ತಂಡ ಈ ಪ್ರಶ್ನೆ ಹಿಡಿದು, ಭತ್ತದ ಹೂವಿನಿಂದ ಅಂಡಗಳನ್ನು, ಆಗತಾನೇ ಫಲಿತವಾದ ಕೋಶಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯಿತು. ಎಂಥ ತಾಳ್ಮೆಯ ಕೆಲಸ ಅಂತ ಕ್ರಾಸಿಂಗ್ ಮಾಡಿದ ನಿಮಗೆ ಹೇಳಬೇಕಾಗಿಲ್ಲ. ಕನ್ನಡದಲ್ಲಿ ನಾವು ಬಿ.ಜಿ.ಎಲ್. ಸ್ವಾಮಿ ಅವರನ್ನು ಸಾಹಿತಿ ಅಂತ ನಕ್ಕು ಓದಿದ್ದೇವೆ. ಅವರ ಕಸುಬೂ ಇಂಥದ್ದೇ ಆಗಿತ್ತು, ಹೂವಿನ ಅಂಡಾಶಯ ಸೀಳಿ ಭ್ರೂಣ ಹುಟ್ಟುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಅವರ ಕಾಲದಲ್ಲಿ ಕಣ್ಣಿಗೆ ಕಂಡದ್ದನ್ನು ಬರೆದುಕೊಳ್ಳಬಹುದಿತ್ತು. ಈಗ ಒಳಗೆ ಯಾವ ಜೀನ್ ಎದ್ದಿದೆ, ಯಾವುದು ಮಲಗಿದೆ ಅಂತಲೂ ಓದಬಹುದು.

ಹಾಗೆ ಓದಿದಾಗ ಒಂದು ಹಳೆಯ ಪರಿಚಯದ ಹೆಸರು ಕಂಡಿತು. ಬೇಬಿ ಬೂಮ್. ಈ ಜೀನನ್ನು ಕಿಮ್ ಬೂಟಿಲಿಯರ್ ಅವರ ತಂಡ 2002ರಲ್ಲಿ ಸಾಸಿವೆ ಜಾತಿಯ ಗಿಡದಲ್ಲಿ ಗುರುತಿಸಿತ್ತು. ಅದನ್ನು ಜೋರು ಮಾಡಿದರೆ ಎಲೆಯ ಮೇಲೆಯೇ ಮರಿ ಭ್ರೂಣಗಳು ಏಳುತ್ತಿದ್ದವು. ಕಾಡುಬಸಳೆಯ ಎಲೆಯನ್ನು ಪುಸ್ತಕದೊಳಗೆ ಇಟ್ಟು ಮರಿ ಹಾಕಿಸುತ್ತಿದ್ದೆವಲ್ಲ, ನೋಡಲು ಹಾಗೆ. ಅದರ ದಾರಿ ಬೇರೆ ಬಿಡಿ. ಭತ್ತದಲ್ಲಿ ಬೇಬಿ ಬೂಮ್ ಅಂಡದೊಳಗೆ ಮಲಗಿರುತ್ತದೆ. ಪರಾಗ ಸೇರಿದ ಕೆಲವೇ ಗಂಟೆಗಳಲ್ಲಿ ಏಳುತ್ತದೆ. ಆದರೆ ಮೊದಲು ಏಳುವುದು ಅಮ್ಮನ ಪ್ರತಿಯಲ್ಲ, ಅಪ್ಪನ ಕಡೆಯಿಂದ ಬಂದ ಪ್ರತಿ. ಬೀಗ ಅಮ್ಮನ ಮನೆಯದು, ಕೀಲಿ ಮಾತ್ರ ಅಪ್ಪ ತರಬೇಕು.

ಹಾಗಾದರೆ ಕೀಲಿಯನ್ನು ಅಮ್ಮನ ಸೆರಗಿಗೇ ಕಟ್ಟಿಬಿಟ್ಟರೆ? ಈ ಪ್ರಯೋಗ ಮಾಡಿದವರು ಇಮ್ತಿಯಾಜ್ ಖಾಂಡೆ. ಇವರು ಪಿಎಚ್‌ಡಿ ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಉಷಾ ವಿಜಯರಾಘವನ್ ಅವರ ಕೈಕೆಳಗೆ, ಭತ್ತದ ಹೂವಿಗೆ ಆಕಾರ ಕೊಡುವ ಒಂದು ಜೀನ್ ಮೇಲೆ. ಉಷಾ ಅವರು ಮೊದಲು ಎಲಿಯಟ್ ಮಯರೊವಿಟ್ಸ್ ಅವರ ಬಳಿ ಹೂವಿನ ಜೀನ್‌ಗಳ ಕೆಲಸ ಮಾಡಿ ಬಂದವರು. ಅದೇ ಮಯರೊವಿಟ್ಸ್, ಜೋಆನ್ ಕೋರಿ ಮತ್ತು ಸುಂದರೇಶನ್ ಮೂವರಿಗೂ 2024ರ ವುಲ್ಫ್ ಪ್ರಶಸ್ತಿ ಕೃಷಿ ವಿಭಾಗದಲ್ಲಿ ಒಟ್ಟಿಗೆ ಬಂತು. ಸಂಗೀತದವರು ಗುರುಪರಂಪರೆ ಹೇಳಿಕೊಳ್ಳುತ್ತಾರೆ. ಗಿಡದವರಲ್ಲೂ ಅದು ಇದೆ, ಯಾರೂ ಹಾಡುವುದಿಲ್ಲ ಅಷ್ಟೇ.

ಖಾಂಡೆ ಬೇಬಿ ಬೂಮ್ ಜೀನನ್ನು ಅಂಡದಲ್ಲಿಯೇ ಎಚ್ಚರ ಆಗುವ ಹಾಗೆ ಮಾಡಿದರು. ಪರಾಗ ಸೇರದ ಅಂಡವೂ ಭ್ರೂಣ ಆಯಿತು. ಇದರ ಜೊತೆ ಮೈಮ್‌ನ ಮೂರು ಜೀನ್‌ಗಳನ್ನು ಜೀನ್ ತಿದ್ದುವ ಕ್ರಿಸ್ಪರ್ ಅನ್ನುವ ಕತ್ತರಿಯಿಂದ ಕೆಡಿಸಿದರು. ಭತ್ತದ ಗಿಡ ತನ್ನ ತದ್ರೂಪನ್ನು ಕಾಳಿನ ಮೂಲಕ ಕೊಟ್ಟಿತು. 2018ರ ಕೊನೆಗೆ ನೇಚರ್‌ನಲ್ಲಿ ಬಂತು. ಹೆಚ್ಚು ಕಡಿಮೆ ಅದೇ ಸಮಯಕ್ಕೆ ಚೀನಾದ ಕೆಜಿಯಾನ್ ವಾಂಗ್ ಅವರ ತಂಡ ಇನ್ನೊಂದು ಜೀನ್ ಬಳಸಿ, ನಿಜವಾದ ಹೈಬ್ರಿಡ್ ಭತ್ತದಲ್ಲೇ ತದ್ರೂಪು ತೆಗೆಯಿತು. ಆದರೆ ಅಲ್ಲಿ ಕಾಳು ಕಟ್ಟಿದ್ದು ತೀರಾ ಕಡಿಮೆ.

ಪೇಪರುಗಳಲ್ಲಿ ಆಗ ಬಂದ ತಲೆಬರಹ ನೋಡಿದರೆ ನಾಳೆ ಬೆಳಿಗ್ಗೆ ಸೊಸೈಟಿಯಲ್ಲಿ ಬೀಜ ಸಿಗುತ್ತದೆ ಅನ್ನಬೇಕು. ಡೇವಿಸ್‌ನ ಭತ್ತದಲ್ಲಿ ತದ್ರೂಪಾಗಿದ್ದದ್ದು ನೂರು ಕಾಳಿಗೆ ಹೆಚ್ಚೆಂದರೆ 30ರ ಹತ್ತಿರ. ಅದೂ ಹೈಬ್ರಿಡ್ ಅಲ್ಲದ ಮಾಮೂಲಿ ತಳಿಯಲ್ಲಿ. ನೂರಕ್ಕೆ 70 ಬೆರಕೆ ಬಂದರೆ ಅದು ಬೀಜವಾ? ನೀವೇ ವಾಪಸ್ ಕಳಿಸುತ್ತೀರಿ. ನನ್ನ ಮಟ್ಟಿಗೆ ದೊಡ್ಡ ಸುದ್ದಿ ಆಗಬೇಕಿದ್ದದ್ದು 2022ರದ್ದು. ಎಮ್ಯಾನುಯೆಲ್ ಗಿಡೆರ್ಡೋನಿ, ಔರೋರ್ ವರ್ನೆ ಮತ್ತಿತರರ ಫ್ರೆಂಚ್ ತಂಡ, ಖಾಂಡೆ ಮತ್ತು ಸುಂದರೇಶನ್ ಜೊತೆ ಸೇರಿ, ಮಾರುಕಟ್ಟೆಯಲ್ಲಿದ್ದ ಹೈಬ್ರಿಡ್ ಭತ್ತವೊಂದರಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಸೇರಿಸಿತು. ತದ್ರೂಪು ನೂರಕ್ಕೆ 95ಕ್ಕೂ ಜಾಸ್ತಿ. ತಲೆಮಾರು ದಾಟಿದರೂ ಹಾಗೆಯೇ. ಇದು ಪೇಪರಿನಲ್ಲಿ ಬಂದದ್ದನ್ನು ನಾನಂತೂ ನೋಡಲಿಲ್ಲ.

ಒಂದು ಸಣ್ಣ ಪಕ್ಕದ ಮಾತು. ಈ ಭತ್ತಕ್ಕೂ ಪರಾಗ ಬೇಕೇ ಬೇಕು! ಭತ್ತದ ಕಾಳಿನಲ್ಲಿ ಭ್ರೂಣ ಅಂದರೆ ಮೂಲೆಯ ಆ ಚಿಕ್ಕ ಕಣ್ಣು. ಉಳಿದದ್ದೆಲ್ಲ ಅದರ ಬುತ್ತಿ. ನಾವು ಅನ್ನ ಮಾಡಿ ತಿನ್ನುವುದು ಆ ಬುತ್ತಿಯನ್ನು. ಬುತ್ತಿ ಕಟ್ಟಲು ಪರಾಗದ ಇನ್ನೊಂದು ಪಾಲು ಬೇಕು. 1898ರಲ್ಲಿ ಕೀವ್‌ನಲ್ಲಿ ನವಾಶಿನ್ ಕಂಡದ್ದು ಇದನ್ನೇ, ಹೂವಿನಲ್ಲಿ ಒಂದಲ್ಲ, ಎರಡು ಮದುವೆ ನಡೆಯುತ್ತದೆ ಅಂತ. ಈ ಹೊಸ ಭತ್ತದಲ್ಲಿ ಒಂದು ಮದುವೆ ನಿಂತಿದೆ, ಇನ್ನೊಂದು ಎಂದಿನಂತೆ ನಡೆಯುತ್ತದೆ.

ಮೆಂಡೆಲ್‌ನ ಹಾಕ್‌ವೀಡ್ ಏನಾಯಿತು? 2022ರಲ್ಲೇ ನೆದರ್‌ಲ್ಯಾಂಡ್ಸಿನ ಪೀಟರ್ ವಾನ್ ಡೈಕ್, ಚಾರ್ಲ್ಸ್ ಅಂಡರ್‌ವುಡ್ ಮತ್ತಿತರರು ಡ್ಯಾಂಡೆಲಿಯನ್ ಅನ್ನುವ ಕಳೆಗಿಡದಲ್ಲಿ ಅಂಡವನ್ನು ತಾನೇ ಎಬ್ಬಿಸುವ ಜೀನ್ ಹಿಡಿದರು. ಮಾಮೂಲಿ ಗಿಡಗಳಲ್ಲೂ ಇರುವ ಸಾದಾ ಜೀನೇ. ಅದರ ಸ್ವಿಚ್ಚಿನ ಹತ್ತಿರ ಎಲ್ಲಿಂದಲೋ ಒಂದು ಜಿಗಿಯುವ ಜೀನ್, ಅಂದರೆ ಜಾಗ ಬದಲಿಸುವ ಡಿಎನ್‌ಎ ತುಂಡು, ಬಂದು ಕೂತಿತ್ತು, ಅಷ್ಟೇ. ಹಾಕ್‌ವೀಡ್‌ನಲ್ಲಿ ನೋಡಿದರೆ ಅಲ್ಲೂ ಅಂಥದ್ದೇ ಒಂದು ಕೂತಿದೆ. ಕಿತ್ತಳೆ ಜಾತಿಯ ಬಹುಭ್ರೂಣದ ಗುಟ್ಟೂ ಬೇರೊಂದು ಜೀನಿನ ಸ್ವಿಚ್ಚಿನ ಬಳಿ ಹೀಗೆ ಜಿಗಿದು ಕೂತ ತುಂಡೇ ಅಂತ ಚೀನಾದವರು 2017ರಲ್ಲೇ ತೋರಿಸಿದ್ದರು. ಮೆಂಡೆಲ್ ಕಣ್ಣು ಕೆಡಿಸಿಕೊಂಡದ್ದು ಇಂಥ ಒಂದು ಸಣ್ಣ ತುಂಡಿನ ದೆಸೆಯಿಂದ.

ಮಾತು ಮುಗಿದ ಮೇಲೆ ಪ್ರಶ್ನೆಗಳು. ಮೊದಲನೆಯದು ನಿರೀಕ್ಷಿಸಿದ್ದೇ. “ಸರ್ರ, ಈ ಬೀಜ ನಮಗ ಯಾವಾಗ ಸಿಗ್ತದ್ರಿ?”

ಸದ್ಯಕ್ಕಿಲ್ಲ ಅಂದೆ. 2022ರಲ್ಲಿ ಕೇಂದ್ರ ಸರ್ಕಾರ, ಹೊರಗಿನ ಜೀನ್ ಸೇರಿಸದೆ ಬರೀ ತಿದ್ದುಪಡಿ ಮಾಡಿದ ಗಿಡಗಳಿಗೆ ನಿಯಮ ಸಡಿಲ ಮಾಡಿತು. ಆ ದಾರಿಯಲ್ಲಿ 2025ರ ಮೇ ತಿಂಗಳಲ್ಲಿ ಎರಡು ಭತ್ತಗಳನ್ನು ಪ್ರಕಟಿಸಿದರು ಕೂಡ, ಕಮಲಾ ಮತ್ತು ಪೂಸಾ ಡಿಎಸ್‌ಟಿ 1. ಮೈಮ್‌ನ ಮೂರು ಜೀನ್ ಕೆಡಿಸುವುದು ಆ ದಾರಿಯಲ್ಲಿ ಬರಬಹುದು. ಆದರೆ ಬೇಬಿ ಬೂಮನ್ನು ಅಂಡದಲ್ಲಿ ಎಬ್ಬಿಸಲು ಹೊರಗಿನಿಂದ ಒಂದು ತುಂಡು ಸೇರಿಸಿದ್ದಾರೆ. ಅದು ಬಿಟಿ ಹತ್ತಿಯಂಥ ಕುಲಾಂತರಿಗಳ ಒಪ್ಪಿಗೆಯ ಉದ್ದನೆಯ ಕ್ಯೂನಲ್ಲೇ ನಿಲ್ಲಬೇಕು. ಇನ್ನು ಪೇಟೆಂಟ್ ಯಾರದ್ದು, ರೈತ ಎತ್ತಿಟ್ಟುಕೊಂಡರೆ ಯಾರು ಏನು ಹೇಳುತ್ತಾರೆ? ಗಿಡ ಒಪ್ಪಿದ ದಿನ ಕಾನೂನು ತಕರಾರು ತೆಗೆದರೆ ಅಂತ ನನಗೆ ಭಯ ಇದೆ. ಇದನ್ನು ಬೀಜ ಬರುವ ಮುಂಚೆಯೇ ಕೇಳಿಟ್ಟುಕೊಳ್ಳಬೇಕು ಅಂದೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದರು. “ಹಂಗಾದ್ರ ನಮ್ಮ ಕ್ರಾಸಿಂಗ್ ಕೆಲಸ ಹೊಕ್ಕೈತೇನ್ರಿ?”

ಇದಕ್ಕೆ ನಾನು ತಯಾರಾಗಿ ಬಂದಿರಲಿಲ್ಲ. ಪ್ರಯೋಗಾಲಯಗಳ ಮಾತಿನಲ್ಲಿ ಈ ಕೈಕೆಲಸ ಖರ್ಚಿನ ಕಾಲಂನಲ್ಲಿರುತ್ತದೆ. ಅವರ ಮನೆಯಲ್ಲಿ ಅದು ಆದಾಯದ ಕಾಲಂನಲ್ಲಿದೆ. ಇವತ್ತು ಆಗಿರುವುದು ಭತ್ತದಲ್ಲಿ, ಹತ್ತಿಯಲ್ಲಿ ಅಲ್ಲ, ಟೊಮೆಟೊದಲ್ಲಿ 2024ರಲ್ಲಿ ಎಲೆ ಕಲಸುವುದನ್ನು ನಿಲ್ಲಿಸುವ ಮೊದಲ ಅರ್ಧ ಮಾತ್ರ ಸಾಧ್ಯವಾಗಿದೆ ಅಂತ ಇದ್ದದ್ದನ್ನು ಹೇಳಿದೆ. ಮುಂದೊಂದು ದಿನ ಆದರೂ ಮೊದಲ ಹೈಬ್ರಿಡ್ ಮಾಡಲು ಒಂದು ಸಲವಾದರೂ ಕೈ ಬೇಕು, ಆದರೆ ಇಷ್ಟು ಕೈ ಬೇಕಾಗುವುದಿಲ್ಲ ಅಂತಲೂ ಹೇಳಿದೆ. ಅವರು ತಲೆಯಾಡಿಸಿ, ಹೆಬ್ಬೆರಳಿನ ಉಗುರನ್ನು ಒಮ್ಮೆ ನೋಡಿಕೊಂಡು ಕೂತರು. ಉಗುರಿನ ಅಂಚು ಹಸಿರುಗಟ್ಟಿ ಕಪ್ಪಾಗಿತ್ತು.

ಹೊರಡುವಾಗ ಅವರೇ ಮೇಜಿನ ಹತ್ತಿರ ಬಂದು ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದರಾಗ ಖರೇ ಕ್ರಾಸ್ ಆಗಿದ್ದು ಯಾವುದ್ರಿ?” ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ, ಡಿಎನ್‌ಎ ನೋಡಬೇಕು ಅಂದೆ. ಅವರು ಮೂಲೆಯ ಸಣಕಲು ಸಸಿಗೆ ಬೆರಳು ತಾಗಿಸಿ, “ಇದ ಇರಬೇಕ ತಗೋರಿ, ಇದಕ್ಕ ಯಾರೂ ಜಾಗಾ ಬಿಟ್ಟಿಲ್ಲ” ಅಂದರು. ಚೀಲ ನೀವೇ ಒಯ್ಯಿರಿ ಅಂದೆ. ಒಯ್ದರು. ನಾಲ್ಕನ್ನೂ ಬೇರೆ ಬೇರೆ ಮಾಡಿ ನೆಡುತ್ತಾರಂತೆ, ಸಣಕಲನ್ನು ಬಚ್ಚಲ ನೀರು ಹರಿಯುವ ಕಡೆ.